ತಕ್ಕಡಿಗೆ ಕಾಣದ ಸೊರಗು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಯಕೃತ್ತು (ಲಿವರ್) ಗಡುಸಾಗಿ ಕೆಲಸಗೆಡುವ ಸಿರೋಸಿಸ್‌ನಿಂದ ಬಳಲುತ್ತ, ಕರ್ನಾಟಕದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ನಿರೀಕ್ಷಣಾ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ ಯಕೃತ್ತಿಗಾಗಿ ಕಾಯುತ್ತಿದ್ದ 52 ವರ್ಷದ ರೈತರೊಬ್ಬರು ಪತ್ನಿಯೊಡನೆ ಬಂದಿದ್ದರು. ಅವರಿಗೆ ಶಸ್ತ್ರಚಿಕಿತ್ಸೆಯ ಚಿಂತೆ. ನನ್ನ ಕಣ್ಣು ಹೋದದ್ದು ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ನಿಂತಿದ್ದ ಅವರ ಕೈಗಡಿಯಾರದ ಮೇಲೆ. "ತೂಕ ಇಳಿದಿಲ್ಲ ಮೇಡಂ, 68 ಕೆಜಿಯೇ ಇದೆ" ಎಂದರು ಪತ್ನಿ. ಆದರೆ ಆ ತೂಕವನ್ನು ಹಿಡಿದಿಟ್ಟಿದ್ದು ಹೊಟ್ಟೆಯಲ್ಲಿ ತುಂಬಿದ್ದ ನೀರು, ಸ್ನಾಯು ಕರಗಿಹೋಗಿತ್ತು. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಏಳುವಂತೆ ಫಿಸಿಯೋಥೆರಪಿಸ್ಟ್ ಹೇಳಿದಾಗ, ಅವರು ಮೂರನೆಯ ಸಲ ಅರ್ಧಕ್ಕೆ ಎದ್ದು ಕುಸಿದು ಕುಳಿತು, ತಲೆ ತಗ್ಗಿಸಿದರು. ಈ ಪರೀಕ್ಷೆಯ ಜೊತೆಗೆ ಮುಷ್ಟಿಯ ಬಲವನ್ನೂ ನಿಂತಾಗಿನ ಸಮತೋಲನವನ್ನೂ ಅಳೆದು ದೇಹದ ದುರ್ಬಲತೆಯನ್ನು ಲೆಕ್ಕ ಹಾಕುತ್ತಾರೆ. ಯಕೃತ್ತಿನ ಕಾಯಿಲೆ ಎಷ್ಟು ತೀವ್ರವೆಂದು ರಕ್ತಪರೀಕ್ಷೆಗಳಿಂದ ಲೆಕ್ಕ ಹಾಕುವ ಮೆಲ್ಡ್ ಅಂಕದಲ್ಲಿ ಇದು ಕಾಣುವುದಿಲ್ಲ.

ಕಾಮಾಲೆಗೆ ಪಥ್ಯವೆಂದು ಆ ತಾಯಿ ಬೇಳೆ, ಮೊಸರು, ಮೊಟ್ಟೆ ಬಿಡಿಸಿ, ಸಂಜೆ ಏಳಕ್ಕೇ ಗಂಜಿ ಕುಡಿಸಿ, ಪತಿಯನ್ನು ಹಾಸಿಗೆಯಿಂದ ಏಳಗೊಡದೆ ನೋಡಿಕೊಂಡಿದ್ದರು. ಅದು ತಪ್ಪೆಂದು ಹೇಳಿ ಅವರ ಮನಸ್ಸು ನೋಯಿಸಲು ನನಗೆ ಇಷ್ಟವಿರಲಿಲ್ಲ. ಆ ಆರೈಕೆಯನ್ನೇ ಬೇರೆ ದಾರಿಗೆ ತಿರುಗಿಸಬೇಕಿತ್ತು. "ಅಮ್ಮಾ, ಯಕೃತ್ತು ಸೋತಾಗ ರಕ್ತದ ಅಮೋನಿಯಾವನ್ನು ಕಡಿಮೆ ಮಾಡುವುದರಲ್ಲಿ ಸ್ನಾಯುವೂ ನೆರವಾಗುತ್ತದೆ, ಅದನ್ನು ಉಪವಾಸ ಕೆಡವಬೇಡಿ" ಎಂದೆ. ಆಹಾರತಜ್ಞರು ನೀರಿನ ತೂಕ ಕಳೆದು, ಕೆಜಿಗೆ 1.2ರಿಂದ 1.5 ಗ್ರಾಂನಂತೆ ದಿನಕ್ಕೆ ಸುಮಾರು 70ರಿಂದ 80 ಗ್ರಾಂ ಪ್ರೋಟೀನ್ ಗೊತ್ತುಮಾಡಿದರು. ಸಿರೋಸಿಸ್ ಇದ್ದವರಿಗೆ ಒಂದು ರಾತ್ರಿಯ ಉಪವಾಸ, ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದಂತೆ. ಆದ್ದರಿಂದ ಮಲಗುವ ಮುನ್ನ ರಾಗಿ ಮಾಲ್ಟ್ ಮತ್ತು ಹಾಲು ಕೊಡಲು ಒಪ್ಪಿಸಿದೆ. ಉಪ್ಪಿನ ಮಿತಿ ಮಾತ್ರ ಹಾಗೆಯೇ ಉಳಿಯಿತು. ವೈದ್ಯರ ಅನುಮತಿ ಪಡೆದು, ಅಂಗಳದಲ್ಲಿ ದಿನಕ್ಕೆರಡು ಬಾರಿ ನಡಿಗೆ, ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಏಳುವ ಅಭ್ಯಾಸ ಶುರುವಾಯಿತು.

ಕಸಿಯಾದ ಮೂರು ತಿಂಗಳಿಗೆ ಅವರು ಮತ್ತೆ ಬಂದಾಗ ಕಣ್ಣಿನ ಹಳದಿ ಹೋಗಿತ್ತು, ಧೈರ್ಯವೂ ಹೋಗಿತ್ತು. "ಹೊಸ ಲಿವರ್ ಬಂತು, ಶಕ್ತಿ ಯಾಕೆ ಬರಲಿಲ್ಲ?" ಎಂದು ಕೇಳಿದರು. ದೊಡ್ಡ ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ವಾಸ, ಸ್ಟೀರಾಯ್ಡ್ ಇವೆಲ್ಲ ಸ್ನಾಯುವನ್ನು ಮತ್ತಷ್ಟು ಸೊರಗಿಸುವುದರಿಂದ ಮೊದಲ ತಿಂಗಳುಗಳಲ್ಲಿ ಹೀಗಾಗುವುದು ಸಾಮಾನ್ಯವೆಂದೂ, ಚೇತರಿಕೆಗೆ ವರ್ಷವೇ ಹಿಡಿಯಬಹುದೆಂದೂ, ಎಲ್ಲರಿಗೂ ಹಳೆಯ ಬಲ ಪೂರ್ತಿ ಮರಳುವುದಿಲ್ಲವೆಂದೂ ಮುಚ್ಚಿಡದೆ ಹೇಳಿದೆ. ಇದನ್ನು ಕಸಿಗೆ ಮುಂಚೆಯೇ ಹೇಳಬೇಕಿತ್ತು; ನಾನು ಹೇಳಿರಲಿಲ್ಲ, ಅವರ ಆ ನೋವಿನಲ್ಲಿ ನನ್ನ ಪಾಲೂ ಇತ್ತು. ಅಂದು ಅವರು ಐದು ಸಲ ಎದ್ದರು, ಏದುಸಿರು ಬಿಡುತ್ತ.

ಹೊಲಕ್ಕೆ ಕಳಿಸಬಹುದೇ ಎಂದು ಪತ್ನಿ ಕೇಳಿದರು. ಬದುವಿನವರೆಗೆ ನಡೆದು ಬರಲಿ, ಆದರೆ ಸೋಂಕಿನ ಭಯವಿರುವುದರಿಂದ ಗೊಬ್ಬರ, ಹಸಿಮಣ್ಣು ಮುಟ್ಟುವ ಕೆಲಸ ವೈದ್ಯರು ಒಪ್ಪುವತನಕ ಬೇಡ ಎಂದು ತಿಳಿಸಿದೆ.