ಜ್ವರ ಬರುವವರೆಗೆ ಕಾಯಬೇಡಿ

ನಿಮ್ಮ ಮಗನಿಗೆ ಫ್ಲೂ, ಅದೇ ಮನೆಯಲ್ಲಿ ಶುಗರ್ ಇರುವ ನಿಮ್ಮ ವಯಸ್ಸಾದ ಅಮ್ಮ. ಅವರಿಗೆ ಜ್ವರ ಬಂದ ಮೇಲೆ ಡಾಕ್ಟರಿಗೆ ತೋರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ವಯಸ್ಸಾದವರಿಗೆ ಫ್ಲೂ ಬಂದರೂ ಎಷ್ಟೋ ಸಲ ಮೈ ಬಿಸಿಯಾಗುವುದೇ ಇಲ್ಲ. ಸುಮ್ನೆ ಸುಸ್ತು, ಊಟ ಬೇಡ ಅನ್ನುವುದು, ಇವತ್ತು ಯಾವ ವಾರ ಅಂತ ಗೊತ್ತಾಗದೆ ತಡಕಾಡುವುದು, ಇಷ್ಟೇ ಕಾಣಬಹುದು. ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್ ಥರದ ಮಾತ್ರೆ ಲಕ್ಷಣ ಶುರುವಾದ 48 ಗಂಟೆಯೊಳಗೆ ಸಿಕ್ಕರೆ ಜಾಸ್ತಿ ಕೆಲಸ ಮಾಡುತ್ತದೆ. ಹಾಗಾಗಿ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮನೆಯಲ್ಲೇ ಫ್ಲೂ ಇದೆ ಅಂತ ಹೇಳಿ. ಇಂಥವರಿಗೆ ಮುಂಜಾಗ್ರತೆಗೂ ಅದನ್ನು ಕೊಡುವುದುಂಟು.

ಮಗ ಒಂದು ವಾರ ಬೇರೆ ಕೋಣೆಯಲ್ಲಿರಲಿ, ಕಿಟಕಿ ತೆರೆದಿರಲಿ, ಹೊರಗೆ ಬಂದರೆ ಮಾಸ್ಕ್ ಇರಲಿ. ಮೊಮ್ಮಗನ ತಲೆ ಸವರದೆ ಅಜ್ಜಿಗೆ ಇರೋಕಾಗಲ್ಲ, ಕಷ್ಟ ಅದೇ ಅಲ್ವಾ! ಕಾಯಿಲೆಯಲ್ಲಿ ಶುಗರ್ ಏರಬಹುದು, ಆಗಾಗ ನೋಡುತ್ತಿರಿ. ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.