ಬೇಟೆಯ ನಿಯಮ ಮಾಡಬೇಕಾದವರು ಶಾಸಕರೋ, ಅರಣ್ಯ ಇಲಾಖೆಯೋ?

ನೀವು ಕೇಳಿದ್ದು ಇದು: ಅಮೆರಿಕದಲ್ಲಿ ಯಾವ ಪ್ರಾಣಿಯನ್ನು ಯಾವಾಗ, ಎಷ್ಟು ಹೊಡೆಯಬಹುದು ಅಂತ ಸಾಮಾನ್ಯವಾಗಿ ವನ್ಯಜೀವಿ ಇಲಾಖೆ ಹೇಳುತ್ತದೆ, ನಡುವೆ ಶಾಸಕರೂ ಕೈ ಹಾಕುತ್ತಾರೆ. ಯಾರು ಮಾಡಿದರೆ ಸರಿ? ನಮ್ಮಲ್ಲಿ ಹೇಗೆ?

ನಾನು ವಕೀಲನಲ್ಲ, ಫಾರೆಸ್ಟಿನವನೂ ಅಲ್ಲ. ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ, ಒಂದೂವರೆ ಎಕರೆ ಗದ್ದೆ ಇಟ್ಟುಕೊಂಡವನು. ಅಪ್ಪಯ್ಯನ ಹೆಸರಲ್ಲಿ ಬೆಳೆ ರಕ್ಷಣೆಗೆ ಅಂತ ಒಂದು ಕೋವಿ ಇದೆ. ಈ ವಿಷಯದಲ್ಲಿ ಮಾತಾಡಲು ನನಗಿರುವ ಯೋಗ್ಯತೆ ಅಷ್ಟೇ.

ಯಾವ ಪ್ರಾಣಿಯನ್ನು ಮುಟ್ಟಲೇಬಾರದು, ಎಂಥ ಬೇಟೆ ಕೂಡದು ಅನ್ನೋದನ್ನು ಶಾಸಕರು ಹೇಳಲಿ. ಎಷ್ಟು, ಯಾವ ತಿಂಗಳು, ಯಾವ ಊರು ಅನ್ನೋದನ್ನು ಲೆಕ್ಕ ಇಟ್ಟವರು ಹೇಳಲಿ. ಆದರೆ ಲೆಕ್ಕ ಇಟ್ಟಿರಬೇಕಲ್ಲ ಮಾರಾಯ್ರೆ, ನಮ್ಮ ಗೋಳು ಇರೋದೇ ಅಲ್ಲಿ.

ಸಂಖ್ಯೆ, ತಿಂಗಳು ಇವನ್ನೆಲ್ಲ ಶಾಸಕರು ಕಾನೂನಲ್ಲೇ ಬರೆದುಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯವೊಂದೇ ಸಾಕು. ಕೇಂದ್ರ ಸರ್ಕಾರದ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ ತೋಳ ಇಲ್ಲದಾಗ ಇಲಾಖೆ ಅದರ ಬೇಟೆ ನಡೆಸಲೇಬೇಕು ಅಂತ ಅಲ್ಲಿ 2012ರಲ್ಲಿ ಕಾನೂನು ಮಾಡಿದರು. ನಡೆಸಬಹುದು ಅಂತಲ್ಲ, ನಡೆಸಲೇಬೇಕು. 2021ರ ಜನವರಿಯಲ್ಲಿ ತೋಳ ಪಟ್ಟಿಯಿಂದ ಹೊರಬಿತ್ತು. ಇಲಾಖೆಯವರು ನವೆಂಬರ್ ತನಕ ಕಾಯೋಣ ಅಂದರು. ಬೇಟೆಗಾರರ ಪರವಾದ ಗುಂಪೊಂದು ಕೋರ್ಟಿಗೆ ಹೋಯಿತು. ಕಾನೂನಲ್ಲಿ ಹಾಗೇ ಇದೆಯಲ್ಲ, ಕೋರ್ಟು ಈಗಲೇ ನಡೆಸಿ ಅಂದಿತು. ಫೆಬ್ರವರಿ ಅಂದರೆ ತೋಳ ಜೊತೆಗೂಡುವ ಕಾಲ. ಪರವಾನಗಿ ಪಡೆದವರಿಗೆ ಇದ್ದ ಮಿತಿ 119. ಮೂರು ದಿನ ತುಂಬುವುದರೊಳಗೆ ಬಿದ್ದದ್ದು 218. ಲೆಕ್ಕ ಮೀರುತ್ತಿರುವುದು ಕಂಡರೂ ಥಟ್ಟನೆ ನಿಲ್ಲಿಸುವ ಹಾಗಿರಲಿಲ್ಲ, 24 ಗಂಟೆ ಮುಂಚೆ ತಿಳಿಸಬೇಕು ಅಂತಲೂ ಕಾನೂನಲ್ಲೇ ಇತ್ತು!

ಇನ್ನು ನಮ್ಮ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಲೈಸೆನ್ಸ್ ಪಡೆದು ಶಿಕಾರಿ ಮಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಒಳ್ಳೆಯದೇ ಆಯಿತು. ನಮ್ಮ ಅಜ್ಜನ ಕಾಲದ ಈಡುಗಾರರ ಕಥೆ ಕೇಳಿದರೆ, ಹಳುವಿನಲ್ಲಿ ಇಷ್ಟಾದರೂ ಉಳಿದದ್ದೇ ಹೆಚ್ಚು ಅನಿಸುತ್ತದೆ.

ಈಗ ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಅಂತ ಹೇಳುವುದು ಆ ಕಾಯ್ದೆಯ ಪಟ್ಟಿಗಳು. 2022ರಲ್ಲಿ ಸಂಸತ್ತು ಆ ಪಟ್ಟಿಗಳನ್ನು ಹೊಸದಾಗಿ ಮಾಡಿತು, 2023ರ ಏಪ್ರಿಲ್ 1ರಿಂದ ಜಾರಿ. ಗದ್ದೆಗೆ ಬರುವ ಹಂದಿ ಎರಡನೇ ಪಟ್ಟಿಯಲ್ಲಿದೆ. ತೋಟಕ್ಕೆ ಬರುವ ನಮ್ಮ ಮಂಗ ಮೊದಲ ಪಟ್ಟಿಗೆ ಹೋಗಿದೆ, ಹುಲಿಯ ಪಕ್ಕದಲ್ಲಿ! ಮೊದಲ ಪಟ್ಟಿಯ ಪ್ರಾಣಿ ಬೆಳೆ ತಿಂದಿತು ಅನ್ನೋ ಕಾರಣಕ್ಕೆ ಯಾರೂ ಅನುಮತಿ ಕೊಡುವ ಹಾಗಿಲ್ಲ. ಮನುಷ್ಯರ ಜೀವಕ್ಕೆ ಅಪಾಯವಿರಬೇಕು, ಇಲ್ಲವೇ ಪ್ರಾಣಿಯೇ ವಾಸಿಯಾಗದ ಸ್ಥಿತಿಯಲ್ಲಿರಬೇಕು. ಅದೇ ತಿದ್ದುಪಡಿಯಲ್ಲಿ ಉತ್ತರ ಭಾರತದ ಕೆಂಪು ಮುಖದ ಮಂಗವನ್ನು ಪಟ್ಟಿಯಿಂದಲೇ ಕೈಬಿಟ್ಟರು. ಎಳೆ ಅಡಿಕೆ ಕಿತ್ತು ಎಸೆಯೋದರಲ್ಲಿ ನಮ್ಮ ಮಂಗ ಏನು ಕಡಿಮೆಯೋ ಗೊತ್ತಿಲ್ಲ. ನಮ್ಮ ಮಂಗವನ್ನು ಕೊಲ್ಲಿ ಅಂತ ನಾನು ಹೇಳುತ್ತಿಲ್ಲ. ದೂರದಲ್ಲಿ ಕೂತು ಒಂದೇ ಗೆರೆ ಎಳೆದರೆ ಹೀಗಾಗುತ್ತದೆ ಅಂತ ಹೇಳಿದೆ ಅಷ್ಟೇ.

ಹಾಗಾದರೆ ಇಲಾಖೆಗೇ ಬಿಟ್ಟುಬಿಡೋಣ ಅಂತೀರಾ? ಹೋದ ವರ್ಷ ಗದ್ದೆಯಲ್ಲಿ ತೆನೆ ಬಾಗುವ ಹೊತ್ತಿಗೆ ಒಂದು ರಾತ್ರಿ ಹಂದಿ ನುಗ್ಗಿದವು. ಮಳೆ ಹನಿಯುತ್ತಿತ್ತು, ಮಾಳದಲ್ಲಿ ಯಾರೂ ಮಲಗಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಮೂರು ಗದ್ದೆಯಲ್ಲಿ ಪೈರು ಚಾಪೆ ಹಾಸಿದ ಹಾಗೆ ಮಲಗಿತ್ತು. ಜಗಿದು ಉಗಿದ ಹೊಟ್ಟು ಉಂಡೆ ಉಂಡೆಯಾಗಿ ಬಿದ್ದಿತ್ತು. ಅಂಚನ್ನೂ ಬಿಡದೆ ಎರೆಹುಳಕ್ಕೆ ಅಂತ ಕೆದರಿ ನೀರೆಲ್ಲ ಹರಿದುಹೋಗಿತ್ತು. ಫೋಟೋ, ಪಹಣಿ, ಆಧಾರ್ ಎಲ್ಲ ಹಿಡಿದು ಪರಿಹಾರಕ್ಕೆ ಅರ್ಜಿ ಕೊಡಲು ಹೋದೆ. ಬರೆದುಕೊಳ್ಳುತ್ತಿದ್ದವರು "ಎಷ್ಟು ಹಂದಿ ಬಂದಿದ್ವು?" ಅಂದರು. ನಾನು "ನಿಮ್ಮ ಲೆಕ್ಕದಲ್ಲಿ ಈ ಕಡೆ ಎಷ್ಟಿವೆ ಸರ್?" ಅಂದೆ. ಅವರು ನಕ್ಕರು. ನನಗೂ ನಗು ಬಂತು.

ಹುಲಿಯನ್ನು ನಾಲ್ಕು ವರ್ಷಕ್ಕೊಮ್ಮೆ ದೇಶವಿಡೀ ಎಣಿಸುತ್ತಾರೆ. ನಮ್ಮ ಹಕ್ಕಲಿನ ಹಂದಿ ಎಣಿಸಲು ಬಂದವರನ್ನು ನಾನಂತೂ ಕಂಡಿಲ್ಲ. ಎಣಿಸದೆ ಬೇಡ ಅನ್ನುವ ಅಧಿಕಾರಿಗೂ, ಎಣಿಸದೆ ಹೊಡೀರಿ ಅನ್ನುವ ಎಮ್ಮೆಲ್ಲೆಗೂ ಏನು ವ್ಯತ್ಯಾಸ?

ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ. ಎರಡನೇ ಪಟ್ಟಿಯ ಪ್ರಾಣಿ ಬೆಳೆ ಹಾಳು ಮಾಡುತ್ತಿದ್ದರೆ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಹೊಡೆಯಲು ಅನುಮತಿ ಕೊಡಬಹುದು. ಒಂದು ಪ್ರದೇಶದಲ್ಲಿ ಇಷ್ಟು ಅವಧಿಗೆ ಅಂತ ಅದನ್ನು 'ಪೀಡಕ ಪ್ರಾಣಿ', ಅಂದರೆ ಕಾಯ್ದೆಯ ರಕ್ಷಣೆ ಇಲ್ಲದ ಪ್ರಾಣಿ, ಎಂದು ಘೋಷಿಸುವ ಅಧಿಕಾರ ಮಾತ್ರ ಕೇಂದ್ರದ್ದು. ಬಿಹಾರದಲ್ಲಿ ದೊಡ್ಡ ಹುಲ್ಲೆ ಜಾತಿಯ ನೀಲ್‌ಗಾಯ್‌ಗೆ ಹಾಗೆ ಮಾಡಿದ್ದರು. 2016ರಲ್ಲಿ ಅವನ್ನು ಹೊಡೆದಾಗ ಕೇಂದ್ರದ ಇಬ್ಬರು ಮಂತ್ರಿಗಳೇ ಬಹಿರಂಗವಾಗಿ ಕಿತ್ತಾಡಿದರು.

ದಾರಿ ಇದ್ದೂ ಅದು ಭತ್ತ ಹಣ್ಣಾಗುವ ಮೊದಲು ಕೈಗೆ ಸಿಗದಿದ್ದರೆ ಜನ ಸುಮ್ನೆ ಕೂರೋದಿಲ್ಲ. ಉರುಳು ಹಾಕುತ್ತಾರೆ, ಅದಕ್ಕೆ ಚಿರತೆ ಬೀಳುತ್ತದೆ. ಬೇಲಿಗೆ ಕರೆಂಟು ಕೊಡುತ್ತಾರೆ, ಅದಕ್ಕೆ ಮನುಷ್ಯರೇ ಬೀಳುತ್ತಾರೆ. ನಮ್ಮ ಪಕ್ಕದ ಮನೆಯ ದನ ಒಂದು ಸಂಜೆ ಬ್ಯಾಣದಿಂದ ಬಂತು, ಕೆಳದವಡೆ ನೇತಾಡುತ್ತಿತ್ತು. ಹಂದಿಗೆ ಅಂತ ಯಾರೋ ಇಟ್ಟ ಸಿಡಿಮದ್ದಿನ ಉಂಡೆಗೆ ಬಾಯಿ ಹಾಕಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಂದಿನಂತೆ ಮೆಲುಕು ಹಾಕಲು ನೋಡುತ್ತಿತ್ತು. ಆ ಮನೆಯ ಅತ್ತಿಗೆ ಬಾನಿ ಹಿಡಿದು ನಿಂತವರು ಹಾಗೇ ಕೂತುಬಿಟ್ಟರು. ಈಗಲೂ ನನಗೆ ಬೇಟೆಯ ನಿಯಮ ಅಂದರೆ ಮೊದಲು ಕಣ್ಣಿಗೆ ಬರುವುದು ಆ ದನವೇ.

ಕೇರಳದವರು 2022ರಲ್ಲಿ ಒಂದು ಪ್ರಯೋಗ ಮಾಡಿದರು. ಕಾಡುಹಂದಿ ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಂಥವರಿಗೇ ವಹಿಸಿದರು. ಹೊಡೆಯಬೇಕಾದವರು ಲೈಸೆನ್ಸ್ ಕೋವಿ ಇದ್ದವರು. ಗದ್ದೆ ಹತ್ತಿರದವರ ಕೈಗೆ ತೀರ್ಮಾನ ಬಂತು ಅನ್ನೋದು ನನಗೆ ಇಷ್ಟ. ಆದರೆ ನಮ್ಮೂರ ಪಂಚಾಯಿತಿಯನ್ನು ನೆನೆಸಿಕೊಂಡರೆ, ಯಾರ ಗದ್ದೆಯ ಹಂದಿಗೆ ಮೊದಲು ಅನುಮತಿ ಸಿಗುತ್ತದೆ ಅಂತ ಈಗಲೇ ಹೇಳಬಲ್ಲೆ. ಅದಕ್ಕೇ ಪಂಚಾಯಿತಿ ಕೇಳಲಿ, ಇಲಾಖೆ ಎಣಿಸಲಿ. ವಾರದೊಳಗೆ ಹೌದು ಅಥವಾ ಇಲ್ಲ ಅಂತ ಕಾರಣ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ. ಆ ವಾರದ ಗಡುವನ್ನು ಬೇಕಾದರೆ ಶಾಸಕರು ಕಾನೂನಲ್ಲಿ ಬರೆಯಲಿ, ಹಂದಿಯ ಸಂಖ್ಯೆಯನ್ನಲ್ಲ.

ಅಂದ ಹಾಗೆ, ನಮ್ಮ ಕೋವಿಗೂ ರಾಜಕೀಯಕ್ಕೂ ಸಂಬಂಧ ಬರೋದು ಚುನಾವಣೆಯಲ್ಲಿ ಮಾತ್ರ. ದಿನಾಂಕ ಘೋಷಣೆಯಾದರೆ ಪೊಲೀಸ್ ಠಾಣೆಯಿಂದ ಕರೆ ಬರುತ್ತದೆ, ಅಪ್ಪಯ್ಯ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಲ್ಲಿ ಒಯ್ದು ಜಮಾ ಮಾಡಿ ಬರುತ್ತಾರೆ. ಹಂದಿಗೆ ನೀತಿ ಸಂಹಿತೆ ಇಲ್ಲ, ಆ ತಿಂಗಳು ಬಾಳೆ ಬುಡವೆಲ್ಲ ಅದರದ್ದೇ.

ನೀವು ಕೇಳದಿದ್ದರೂ ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಅನುಮತಿ ಪಡೆದು ಹೊಡೆದ ಹಂದಿ ಯಾರದ್ದು? ಕಾಯ್ದೆಯ ಪ್ರಕಾರ ಅದು ಸರ್ಕಾರದ ಆಸ್ತಿ. ಕೇರಳದಲ್ಲಿ ಹೂಳುತ್ತಾರೆ. ಇದನ್ನು ಅಪ್ಪಯ್ಯನಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಸ್ವಲ್ಪ ಹೊತ್ತು ಯೋಚಿಸಿ, "ಸರಿ, ಗುಂಡಿ ತೆಗೆಯೋ ಕೂಲಿ ಯಾರು ಕೊಡ್ತಾರೆ?" ಅಂದರು.