‘ಮಚ್’ ಒಂದು ಜಾಸ್ತಿಯಾದರೆ

ಉಡುಪಿಯ ಓದುಗರೊಬ್ಬರು ಕೇಳಿದ್ದಾರೆ: ಗೆಳತಿಗೆ ಮಗು ಹುಟ್ಟಿದ ಸುದ್ದಿ ಬಂದಾಗ ವಾಟ್ಸಾಪ್ ಗುಂಪಿನಲ್ಲಿ ‘ಐ ಆಮ್ ವೆರಿ ಮಚ್ ಹ್ಯಾಪಿ’ ಎಂದು ಬರೆದೆ. ಒಬ್ಬರು ನಕ್ಕರು. ನಾಚಿಕೆಯಾಗಿ ಅಳಿಸಿಬಿಟ್ಟೆ. ಸರಿಯಾದದ್ದು ಯಾವುದು? ‘ಓವರ್ ದ ಮೂನ್’ ಎನ್ನಬಹುದೇ?

ಉತ್ತರ: ನಕ್ಕವರ ವ್ಯಾಕರಣ ಸರಿಯಿದೆ. ‘ವೆರಿ ಹ್ಯಾಪಿ’ ಅಂದರೆ ಸಾಕು. ‘ವೆರಿ ಮಚ್’ ಅನ್ನು ‘ಥ್ಯಾಂಕ್ಯೂ’ಗೆ ಇಟ್ಟುಕೊಳ್ಳಿ. ಇನ್ನೊಬ್ಬರ ಒಳಿತಿಗೆ ಹಿಗ್ಗಿದರೆ ‘ಹ್ಯಾಪಿ ಫಾರ್ ಯೂ’. ‘ಓವರ್ ದ ಮೂನ್’ ಗೆಳತಿಗೆ ನಡೆಯುತ್ತದೆ, ಆಫೀಸಿಗೆ ಬೇಡ. ಸಾಲ ಮಂಜೂರಾದಾಗ ನಾನೊಮ್ಮೆ ಬ್ಯಾಂಕಿನ ಮ್ಯಾನೇಜರಿಗೆ ‘ಐ ಆಮ್ ಆನ್ ಕ್ಲೌಡ್ ನೈನ್’ ಎಂದು ಬರೆದಿದ್ದೆ. ಮೊದಲ ಕಂತು ತಪ್ಪಿದಾಗ ಅವರ ಫೋನ್ ಬಂತು: “ಮೋಡದಿಂದ ಇಳಿದು ಒಮ್ಮೆ ಬ್ರಾಂಚಿಗೆ ಬನ್ನಿ ಮಾರಾಯ್ರೆ.”

ನಕ್ಕವರ ಪಾಲಿಗೆ ಇಷ್ಟು ಸಾಕು. ಇನ್ನು ನಿಮ್ಮ ಪರ ಮಾತಾಡುತ್ತೇನೆ.

ನಿಮ್ಮ ‘ಮಚ್’ ಸುಮ್ನೆ ಬಂದದ್ದಲ್ಲ. ನಮ್ಮಲ್ಲಿ ‘ತುಂಬಾ’ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ತುಂಬಾ ಖುಷಿ, ತುಂಬಾ ಥ್ಯಾಂಕ್ಸ್. ಇನ್ನೂ ಒಂದಿದೆ. ನಾವು ‘ನನಗೆ ಖುಷಿಯಾಯಿತು’ ಅನ್ನುತ್ತೇವೆ. ತುಳುವಿನಲ್ಲಿ ‘ಎಂಕ್ ಖುಷಿ ಆಂಡ್’, ಕೊಂಕಣಿಯಲ್ಲಿ ‘ಮ್ಹಾಕಾ ಖುಶಿ ಜಾಲಿ’. ಎಲ್ಲದರಲ್ಲೂ ಖುಷಿ ನೆಂಟರ ಹಾಗೆ ನಮ್ಮಲ್ಲಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ನಾನೇ ಹ್ಯಾಪಿ. ತಮಾಷೆಯೆಂದರೆ, ಆ ‘ಹ್ಯಾಪಿ’ ಹುಟ್ಟಿದ್ದು ‘ಹ್ಯಾಪ್’ ಎಂಬ ಹಳೆಯ ಪದದಿಂದ. ಹ್ಯಾಪ್ ಎಂದರೆ ಅದೃಷ್ಟ. ಅವರಿಗೂ ಒಂದು ಕಾಲಕ್ಕೆ ಖುಷಿ ಹೊರಗಿನಿಂದಲೇ ಬರುತ್ತಿತ್ತು, ಅಲ್ವಾ?

ನನ್ನ ಸಿಟ್ಟು ಬೇರೆಯೇ. ಅದೇ ಗುಂಪುಗಳಲ್ಲಿ ದಿನಾ ‘ಹಾರ್ದಿಕ ಶುಭಾಶಯ’ದ ಬದಲು ‘ಹಾರ್ಧಿಕ ಶುಭಾಷಯ’ ಬರುತ್ತದೆ. ಮಂಗಳೂರಿನ ಫ್ಲೆಕ್ಸುಗಳಲ್ಲಿ ಅದು ಆಳೆತ್ತರ ನಿಂತಿರುತ್ತದೆ. ಯಾರಾದರೂ ನಗುತ್ತಾರಾ? 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟ ಊರು ಇದು. ಜರ್ಮನಿಯಿಂದ ಬಂದ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಕನ್ನಡ ಕಲಿಯುವಾಗ ಅವರು ಎಷ್ಟು ತಪ್ಪಿರಬಹುದು! ಆಗ ನಮ್ಮವರು ನಕ್ಕು ಓಡಿಸಿದ್ದರೆ ನನ್ನ ಮೇಜಿನ ಮೇಲೆ ಆ ನಿಘಂಟು ಇರುತ್ತಿರಲಿಲ್ಲ.

ನೀವು ಮೆಸೇಜ್ ಅಳಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ಬಾಣಂತಿಗೆ ನಿಮ್ಮ ‘ಮಚ್’ ಭಾರವಾಗುತ್ತಿತ್ತೇ? ಇವತ್ತೇ ಫೋನ್ ಮಾಡಿ. “ಭಾರೀ ಖುಷಿ ಆಯ್ತು ಮಾರಾಯ್ತಿ” ಅನ್ನಿ. ಮಗು ಮಲಗಿರುವ ಹೊತ್ತು ನೋಡಿಕೊಂಡು ಮಾಡಿ.